ಖಾಲಿ ಮನೆಯ ದೀಪ

ಕಂಪ್ಲಿಯ ಅಜ್ಜಿಯ ಮನೆಯಲ್ಲಿ ಮೊದಲ ಇಲಿ ಸತ್ತು ಬಿದ್ದದ್ದನ್ನು ನಾನೇ ಕಂಡೆನೋ, ಅಜ್ಜ ಮುಂದೆ ಎಷ್ಟೋ ಸಲ ಹೇಳಿದ್ದನ್ನು ಕೇಳಿ ಕಂಡಂತಾಗಿದೆಯೋ, ತಿಳಿಯದು. ಜೋಳ ತುಂಬಿಡುವ ದೊಡ್ಡ ಮಣ್ಣಿನ ವಾಡೆಯ ಪಕ್ಕದಲ್ಲಿ ಬಿದ್ದಿತ್ತು. ಹಲ್ಲು ಕಾಣುತ್ತಿದ್ದವು. ಹಲ್ಲಿನ ವಿಷಯ ಅಜ್ಜ ಎಂದೂ ಹೇಳಿದವನಲ್ಲ. ಅಷ್ಟಾದರೂ ನನ್ನದೇ ನೆನಪಿರಬೇಕು.

ಪ್ಲೇಗಿನ ಕಾಲದಲ್ಲಿ ಇಲಿ ಬಿತ್ತೆಂದರೆ ಊರು ಬಿಡುವುದೇ. ಮಧ್ಯಾಹ್ನದೊಳಗೆ ಓಣಿಯ ಬಾಗಿಲುಗಳಿಗೆಲ್ಲ ಬೀಗ ಬಿತ್ತು. ಅಜ್ಜ, ಅಜ್ಜಿ, ನಾನು ಮೂವರೂ ಎಮ್ಮಿಗನೂರಿನ ದಾರಿಯಲ್ಲಿದ್ದ ನಮ್ಮ ಹೊಲಕ್ಕೆ ಹೋದೆವು. ಅಲ್ಲಿ ಅಜ್ಜ ಕಬ್ಬಿನ ಒಣಗರಿ, ರವದಿ ಹೊದಿಸಿ ಗುಡಿಸಲು ಹಾಕಿದ.

ದೇವರನ್ನು ಅವನು ಚೀಲದಲ್ಲಿಟ್ಟು ಹೊಲಕ್ಕೇ ತಂದಿದ್ದ. ಆದರೆ ಅಜ್ಜಿಗೆ ಅದು ಸಾಲದು. ಸೊಸೆಯಾಗಿ ಬಂದಾಗಿನಿಂದ ಅವಳು ಮನೆಯ ದೇವರ ಗೂಡಿನ ದೀಪ ಒಂದು ಸಂಜೆಯೂ ತಪ್ಪಿಸಿರಲಿಲ್ಲ. ಹೊತ್ತು ಇಳಿಯುತ್ತಲೇ ಔಡಲೆಣ್ಣೆಯ ಗಿಂಡಿ ಹಿಡಿದು ಊರ ಕಡೆ ಹೊರಡುವಳು.

"ಇವತ್ತೂ ಹೊಂಟ್ಯಾ? ಆ ಮನ್ಯಾಗ ಯಾರಿಗೆ ಬೆಳಕು, ಇಲಿಗಳಿಗೇನು?" ಎಂದು ಅಜ್ಜ ಸಿಡುಕುವನು.

"ಹೂಂ, ಅವಕ್ಕರ ಕಣ್ಣು ಕಾಣ್ಲಿ. ನಿಮಗಂತೂ ಹಗಲಾಗೂ ಕಾಣಂಗಿಲ್ಲ."

"ಬ್ಯಾನಿ ಬಂದೀತು ಅಂತೀನಿ, ಹೋಗಬ್ಯಾಡ."

"ನಾ ಬದುಕಿರೂತನಕ ಆ ಮನಿ ಕತ್ತಲಾಗ ಇಡಂಗಿಲ್ರಿ."

ಬೆಳಕಿಂಡಿಯಿಂದ ಆ ದೀಪದ ಬೆಳಕು ಹೊಲಕ್ಕೆ ಕಾಣುತ್ತಿತ್ತೆಂದು ಬಹಳ ವರ್ಷ ನಂಬಿದ್ದೆ. ಕಾಲೇಜಿನ ರಜೆಯಲ್ಲಿ ಒಮ್ಮೆ ಹೋಗಿ ನೋಡಿದೆ. ನಡುವೆ ದಿಬ್ಬವಿದೆ, ಊರೇ ಕಾಣುವುದಿಲ್ಲ. ಕಂಡದ್ದು ಏನೋ.

ಅಜ್ಜಿ ಮರಳುವಾಗ ಬದುವಿನವರೆಗೆ ಓಡಿಹೋಗಿ ಅವಳ ಅಂಗೈಗೆ ಮೂಗು ಒತ್ತುತ್ತಿದ್ದೆ. ಔಡಲೆಣ್ಣೆಯ ಜಿಡ್ಡು ವಾಸನೆ ನನಗೆ ಅಷ್ಟು ಇಷ್ಟ. ಒಂದು ಸಂಜೆ ಆ ವಾಸನೆಯ ಜೊತೆಗೆ ಬೇರೇನೋ ನಾರುತ್ತಿತ್ತು. "ಗೂಡಿನ ಕೆಳಗ ಒಂದು ಬಿದ್ದಿತ್ತವ್ವ, ಬಾಲ ಹಿಡದು ಒಗದೆ" ಎಂದು ನಕ್ಕಳು. ಅಜ್ಜ ನಗಲಿಲ್ಲ. ನನ್ನ ಮೂಗು, ಕೈ ಎಲ್ಲ ಕಾಲುವೆಯಲ್ಲಿ ತಿಕ್ಕಿ ತಿಕ್ಕಿ ತೊಳೆದ.

ಮರುದಿನವೂ ಅವಳು ಹೋದಳು. ಅದರ ಮರುದಿನವೂ.

ಆಮೇಲೊಂದು ಸಂಜೆ ಬದುವಿನ ಆಚೆಯೇ ನಿಂತಳು.

"ಅಲ್ಲೇ ನಿಂದ್ರವ್ವ, ಮುಂದ ಬರಬ್ಯಾಡ."

"ಯಾಕಜ್ಜಿ?"

"ಕಾಲಾಗ ಮುಳ್ಳು ಮುರದೈತಿ. ತಕ್ಕೊಂತೀನಿ, ನೀ ಹೋಗು."

ಅವಳು ಕಾಲು ನೋಡಿಕೊಳ್ಳಲೇ ಇಲ್ಲ. ಅಜ್ಜ ರೊಟ್ಟಿ ತಂದು ಬದುವಿನ ಮೇಲಿಟ್ಟು ಹಿಂದೆ ಸರಿದ. ಆಮೇಲೆ ಅವನು ಬದುವಿನ ಆಚೆಗೊಂದಿಷ್ಟು ರವದಿ ಎಸೆದ. ಅವಳು ಅದನ್ನು ಹಾಸಿಕೊಂಡು ಮಲಗಿದಳು.

ಅಜ್ಜ ಮೊದಲೇ ಹೇಳಿಕಳಿಸಿದ್ದರಿಂದ ಬೆಳಿಗ್ಗೆ ನನ್ನನ್ನು ಕರೆದೊಯ್ಯಲು ಹೊಸಪೇಟೆಯಿಂದ ಅಪ್ಪ ಬಂಡಿ ತಂದರು. ಬಂಡಿ ಹೊರಟಾಗ ಅಜ್ಜಿ ಎದ್ದು ಕೂತು ಎಡಗೈ ಎತ್ತಿದಳು. ಬಲಗೈಯನ್ನು ಪಕ್ಕೆಗೆ ಬಿಗಿಯಾಗಿ ಒತ್ತಿಕೊಂಡಿದ್ದಳು. ಬಲ ಬಗಲಲ್ಲಿ ಪ್ಲೇಗಿನ ಗಂಟು ಎದ್ದಿತ್ತೆಂದು ಅಜ್ಜ ಹೇಳಿದ್ದು ಅವಳು ತೀರಿಕೊಂಡ ಮೇಲೆ. ಹಾಗಾದರೆ ಆ ಎಡಗೈಯನ್ನು ನಾನು ನಿಜವಾಗಿ ಕಂಡೆನೋ, ಗಂಟಿನ ಸುದ್ದಿ ಕೇಳಿದ ಮೇಲೆ ನೆನಪಿನಲ್ಲಿ ಬಲಗೈಯನ್ನು ನಾನೇ ಕೆಳಗಿಳಿಸಿದೆನೋ? ಅಜ್ಜನನ್ನು ಕೇಳಲು ಆಗಲಿಲ್ಲ. ಯಾವುದೋ ಒಂದು ಕೈ ಎತ್ತಿದ್ದಳು. ಅದರ ವಾಸನೆ ನೋಡುವಷ್ಟು ಹತ್ತಿರಕ್ಕೆ ನನ್ನನ್ನು ಬಿಟ್ಟುಕೊಳ್ಳಲಿಲ್ಲ.