ಕಾರ್ ಶೆಡ್ಡಿನ ನೆಲ ಮತ್ತು ಸೊಟ್ಟ ಎಸಳು

ಮಲ್ಕಾಜ್‌ಗಿರಿಯ ನಮ್ಮ ಮನೆಯ ಹಾಲ್ ಸಣ್ಣದು. ನಾಲ್ಕು ಜನ ಹೆಚ್ಚು ಬಂದರೆ ಕಾರು ರಸ್ತೆಗೆ ಹೋಗುತ್ತದೆ, ಬಂದವರು ಕಾರ್ ಶೆಡ್ಡಿಗೆ ಬರುತ್ತಾರೆ. ಮನೆಯ ಬಾಗಿಲು ತೆರೆಯುವುದೂ ಅಲ್ಲಿಗೇ. ಹೋದ ಶ್ರಾವಣದ ಅರಿಶಿನ ಕುಂಕುಮಕ್ಕೆ ಅಲ್ಲೇ ಜಮಖಾನೆ ಹಾಸಿದ್ದೆವು. ಆ ಕಾಂಕ್ರೀಟ್ ನೆಲವೋ, ಎಷ್ಟು ಗುಡಿಸಿದರೂ ಬೂದಿಯಂಥ ಪುಡಿ ಬಿಡುತ್ತಿತ್ತು. ಕಾಚಿಗೂಡದಿಂದ ಬಂದಿದ್ದ ಹೆಂಡತಿಯ ಅಕ್ಕ ಊಟ ಮುಗಿಸಿ ಎದ್ದು, ಇಳಕಲ್ ಸೀರೆಯ ಹಿಂಭಾಗ ಪಟಪಟ ಜಾಡಿಸಿ, "ಗಿರಣಿಯೊಳಗ ಕುಂತಂಗಾತು ನೋಡವಾ" ಎಂದಳು. ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು, ಆಮೇಲೆ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು.

ಈ ವರ್ಷ ಶ್ರಾವಣ ಬಂದಾಗ ಆಕೆ ಹೇಳಿದ್ದು ಇಷ್ಟೇ: "ನೆಲ ಪುಡಿ ಬಿಡೋದು ನಿಂತ್ರ ಎಲ್ಲಾರನ್ನೂ ಕರೀತೀನ್ರಿ. ಇಲ್ಲಾಂದ್ರ ಈ ಮನ್ಯಾಗ ಅರಿಶಿನ ಕುಂಕುಮ ಬ್ಯಾಡ."

ನೆಲ ಪುಡಿ ಬಿಡದಂತೆ ತಡೆಯುವ ಬಣ್ಣದಂಥ ಸೀಲರ್ ಹಚ್ಚಲು ಆಳು ಕರೆಸಿ ಎಂದರು ಪಕ್ಕದ ಮನೆಯವರು. ಬೇರೆಯವರು ಹಾಗೆ ಹೇಳಿದರೆ ನನಗೆ ಮೈಯೆಲ್ಲ ಉರಿ. ಕೈ ಕೆಸರಾದರೆ ಬಾಯಿ ಮೊಸರು ಎಂದು ಅವರಿಗೇ ಬುದ್ಧಿ ಹೇಳಿ, ಡಬ್ಬಿ, ರೋಲರ್ ತಂದೆ. ನೆಲ ಉಜ್ಜಿದೆ, ತೊಳೆದೆ, ಬಿರುಕು ತುಂಬಿದೆ, ಪೂರ್ತಿ ಒಣಗಲು ಬಿಟ್ಟೆ. ಬುಧವಾರ ಗೇಟಿನಿಂದ ಶುರುಮಾಡಿ ಹಿಂದೆ ಹಿಂದೆ ಸರಿಯುತ್ತ ಹಚ್ಚಿದೆ. ಎರಡನೇ ಕೋಟ್ ಮುಗಿಸಿ ಹೊಸ್ತಿಲ ಮೇಲೆ ನಿಂತು ನೋಡಿದರೆ, ನೆಲ ಎಣ್ಣೆ ಹಚ್ಚಿದ ತಲೆಯಂತೆ ಮಿರಮಿರ ಮಿಂಚುತ್ತಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನಾಳೆ ಸಂಜೆಯವರೆಗೆ ಇದರ ಮೇಲೆ ಕಾಲಿಟ್ಟರೆ ನೋಡು ಎಂದು ಹೆಂಡತಿಗೆ ತಾಕೀತನ್ನೂ ಮಾಡಿದೆ.

ಬೆಳಿಗ್ಗೆ ಬಾಗಿಲು ತೆರೆದವನು ಅಲ್ಲೇ ಕೂಗಾಡಿದೆ. ಹೊಸ್ತಿಲ ಮುಂದೆ, ಇನ್ನೂ ಅಂಟಂಟಾಗಿದ್ದ ಸೀಲರಿನ ಮೇಲೆ, ರಂಗೋಲಿ! ಆಕೆ ನಿತ್ಯದಂತೆ ನಸುಕಿನಲ್ಲೆದ್ದು, ನೀರು ಚಿಮುಕಿಸಿ, ಕಮಲ ಬರೆದಿದ್ದಳು.

"ಕಾಲಿಡಬ್ಯಾಡ ಅಂದಿದ್ರಿ, ಇಟ್ಟಿಲ್ಲ. ಹೊಸ್ತಿಲ ಮ್ಯಾಗ ಕುಂತು, ಬಗ್ಗಿ ಹಾಕೀನಿ."

ನೀರು ಬಿದ್ದಲ್ಲಿ ನೆಲ ಮಂಜು ಮಂಜಾಗಿ ಬೆಳ್ಳಗಾಗಿತ್ತು. ಚಾಕುವಿನಿಂದ ಕೆರೆದೆ, ಬ್ರಷ್‌ನಿಂದ ತಿಕ್ಕಿದೆ. ರಂಗೋಲಿಯ ಪುಡಿ ಒಂದು ಕಾಳೂ ಏಳಲಿಲ್ಲ. ಆಕೆಗೆ ಬೇರೆಯದೇ ಸಂಕಟ. "ಬಗ್ಗಿ ಹಾಕಿದ್ದಕ್ಕ ಒಂದ್ ಎಸಳು ಸೊಟ್ಟ ಆಗೇತ್ರಿ. ಅಕ್ಕನ ಕಣ್ಣಿಗೆ ಮೊದಲು ಅದಽ ಬೀಳ್ತೈತಿ" ಎಂದು ಕಣ್ಣು ತುಂಬಿಕೊಂಡಳು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಅಯ್ಯೋ ಪಾಪ ಅನ್ನಿಸಿತು.

ಶುಕ್ರವಾರ ಎಲ್ಲರೂ ಬಂದರು. ಅಕ್ಕ ಕಮಲದ ಹತ್ತಿರವೇ ಕುಳಿತಳು. ಊಟದ ನಡುವೆ ಬಗ್ಗಿ ಎಸಳನ್ನು ಬೆರಳಿನಿಂದ ಉಜ್ಜಿದಳು, ಉಗುರಿನಿಂದ ಕೆರೆದಳು. ನನ್ನ ಹೆಂಡತಿ ಬಡಿಸುವುದು ಬಿಟ್ಟು, ಸಾರಿನ ಸೌಟು ಹಿಡಿದು ಅದನ್ನೇ ನೋಡುತ್ತಿದ್ದಳು. ಅಕ್ಕ ಎದ್ದಳು. ಹಳೇ ರೂಢಿಯಂತೆ ಸೀರೆ ಪಟಪಟ ಜಾಡಿಸಿದಳು. ಏನೂ ಉದುರಲಿಲ್ಲ. ಮತ್ತೊಮ್ಮೆ ಜಾಡಿಸಿ ನೋಡಿದಳು. ಕೊನೆಗೆ ನನ್ನ ಕಡೆ ತಿರುಗಿ, "ಭಾಳ ಚಲೋ ಆಗೇತ್ರಿ. ನಮ್ಮನಿ ಶೆಡ್ಡಿಗೂ ಹಿಂಗಽ ಮಾಡಿಕೊಡ್ರಿ, ರಂಗೋಲಿ ಸಮೇತ" ಎಂದಳು.

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ಸೌಟು ಎತ್ತಿದಳು.

"ಅವರೊಬ್ಬರ ಕೈಲೆ ಆಗಂಗಿಲ್ಲಕ್ಕಾ. ನಾನೂ ಬರಬೇಕಾಗ್ತೈತಿ."