ಖಾಲಾ ತೆಗೆದಿಟ್ಟ ಉಳ್ಳಾಗಡ್ಡಿ

ಇಂಥ ಕತೆಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಸೂಕ್ಷ್ಮದರ್ಶಕದಲ್ಲಿ ಕಾಣದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಈಗಲೂ ಅಲ್ಲ ಎಂದೇ ಹೇಳಿಕೊಳ್ಳುತ್ತೇನೆ.

ಎಪ್ಪತ್ತರ ದಶಕದ ಮಾತು. ಧಾರವಾಡದ ಒಂದು ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಜೀವಕೋಶಗಳ ಸಂಶೋಧನೆಗೆ ಸೇರುವ ಆಸೆ. ಅದಕ್ಕೆ ನನ್ನದೇ ಆದ ಒಂದು ಕೆಲಸ ತೋರಿಸಬೇಕಿತ್ತು, ತೋರಿಸಲು ಏನೂ ಇರಲಿಲ್ಲ. ದೀಪಾವಳಿ ರಜೆಯಲ್ಲಿ ಅರ್ಜಿ ಬರೆದುಕೊಟ್ಟು ಕಾಲೇಜಿನ ಸೂಕ್ಷ್ಮದರ್ಶಕವನ್ನು ನಮ್ಮೂರು ಸಂಶಿಯ ಮನೆಗೆ ತಂದೆ. ಹನ್ನೆರಡು ಉಳ್ಳಾಗಡ್ಡಿಗಳನ್ನು ನೀರಿನ ಲೋಟಗಳ ಮೇಲೆ ಕೂರಿಸಿ ಬೇರು ಬರಿಸಿದೆ. ಬೇರಿನ ತುದಿಯಲ್ಲಿ ಕೋಶಗಳು ಒಡೆದು ಎರಡಾಗುವಾಗ ವರ್ಣತಂತುಗಳನ್ನು ಎಣಿಸಬಹುದು. ಉಳ್ಳಾಗಡ್ಡಿಯಲ್ಲಿ ಅವು ಹದಿನಾರು.

ನಮ್ಮಲ್ಲಿ ಬೀಜಕ್ಕೆ ಇಡುವ ಗಡ್ಡಿ ಆರಿಸಲು ಪ್ರತಿವರ್ಷ ನೆರೆಮನೆಯ ಹಾಜರಾ ಖಾಲಾ, ಅಂದರೆ ಹಾಜರಾ ಚಿಕ್ಕಮ್ಮ, ಬರುತ್ತಿದ್ದಳು. ಕಣ್ಣಿನಿಂದ ನೋಡುತ್ತಿರಲಿಲ್ಲ, ಅಂಗೈಯಲ್ಲಿಟ್ಟು ಒಮ್ಮೆ ಹೊರಳಿಸಿದರೆ ಮುಗಿಯಿತು. ಅಂದು ರೂಢಿಯಂತೆ ನನ್ನ ಗಡ್ಡಿಗಳನ್ನೂ ಎತ್ತಿ ನೋಡಿ ಒಂದನ್ನು ಬಾಜು ಇಟ್ಟಳು.

“ಇದು ಬ್ಯಾಡ ತಮ್ಮಾ. ಇದರಾಗ ಏನೋ ಒಂದು ಹೆಚ್ಚೈತಿ.”

ನಾನು ನಕ್ಕು ಅದನ್ನು ಮತ್ತೆ ಲೋಟದ ಮೇಲಿಟ್ಟೆ. ಮರುದಿನ ಕಿಟಕಿಯ ಬೆಳಕಿನಲ್ಲಿ ಎಣಿಸಿದೆ. ಹನ್ನೊಂದರಲ್ಲಿ ಹದಿನಾರು. ಅದೊಂದರಲ್ಲಿ ಹದಿನೇಳು. ಕಣ್ಣಲ್ಲಿ ನೀರು ಬರುವವರೆಗೂ ಎಣಿಸಿದೆ, ಹದಿನೇಳೇ.

ಹನ್ನೆರಡನ್ನೂ ಕಾಗದದಲ್ಲಿ ಸುತ್ತಿ, ಅದಲುಬದಲು ಮಾಡಿ, ಅವಳ ಮುಂದಿಟ್ಟೆ. ಅದನ್ನೇ ತೆಗೆದಳು. ತೂಗಿ ನೋಡಿದೆ. ಅದು ಎಲ್ಲಕ್ಕಿಂತ ಭಾರವೂ ಅಲ್ಲ, ಹಗುರವೂ ಅಲ್ಲ. ಹೇಗೆಂದು ಕೇಳಿದೆ.

“ಕೈಗೆ ತಿಳೀತೈತಿ. ಏನ್ ಹೆಚ್ಚೈತಿ ಅಂತ ನೀನೇ ಹೇಳಬೇಕು, ಓದಿದಾಂವ.”

ಆ ಗಡ್ಡಿಯ ಮೇಲೆ ಬರೆದ ಲೇಖನ ಹಿಡಿದು ದೂರದ ಊರಿಗೆ ಸಂದರ್ಶನಕ್ಕೆ ಹೋದೆ. ಇದು ಹೇಗೆ ಕೈಗೆ ಸಿಕ್ಕಿತೆಂದು ಹಿರಿಯರೊಬ್ಬರು ಕೇಳಿದರು. ನಿಜ ಹೇಳಿದ್ದರೆ ನಗೆಪಾಟಲಾಗಿ ಬರಿಗೈಯಲ್ಲಿ ಮರಳುತ್ತಿದ್ದೆ. ನೂರಾರು ಗಡ್ಡಿ ಪರೀಕ್ಷಿಸಿದೆ, ನಾನೇ ಹುಡುಕಿದೆ ಎಂದೆ. ಕೆಲಸ ಸಿಕ್ಕಿತು. ಮುಂದಿನ ನನ್ನ ವೃತ್ತಿಯೆಲ್ಲ ಅದರ ಮೇಲೆಯೇ ನಿಂತಿದೆ.

ಊರಿಗೆ ಬಂದು ಖಾಲಾಗೆ ಪೇಡೆ ಕೊಟ್ಟೆ. ಸಂದರ್ಶನದಲ್ಲಿ ಆಡಿದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವಳು ಖುಷಿಯಿಂದ ನನ್ನ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡಳು, ಒಮ್ಮೆ ಹೊರಳಿಸಿದಳು, ಮೆಲ್ಲಗೆ ಬಿಟ್ಟಳು.

“ಏನೋ ಒಂದು ಕಡಿಮಿ ಆಗೈತಲ್ಲೋ ತಮ್ಮಾ.”

ಗಡ್ಡಿಯ ವಿಷಯಕ್ಕೆ ಎಂದಾದರೂ ಒಂದು ಕಾರಣ ಸಿಕ್ಕೀತು. ಇದಕ್ಕೆ ನನ್ನಲ್ಲಿ ಇಂದಿಗೂ ವಿವರಣೆಯಿಲ್ಲ. ಏನು ಕಡಿಮೆ ಎಂದು ಮಾತ್ರ ನಾನು ಅವಳನ್ನು ಕೇಳಲಿಲ್ಲ.