ತೋಟಾಪಟ್ಟಿಯ ಚನ್ನಬಸಪ್ಪ ಕಾಕಾ

ಚನ್ನಬಸಪ್ಪ ಕಾಕಾನ ಎದೆಯ ಮೇಲೆ, ಎಡಹೆಗಲಿನಿಂದ ಬಲಸೊಂಟದವರೆಗೆ, ಸದಾ ಒಂದು ತೊಗಲಿನ ಪಟ್ಟಿ ಇರುತ್ತಿತ್ತು. ಬಂದೂಕಿನ ತೋಟಾಗಳನ್ನು ಸಿಕ್ಕಿಸಿಕೊಳ್ಳುವ ಪಟ್ಟಿ. ಸಾಲಾಗಿ ಹೊಲಿದ ಅದರ ಗೂಡುಗಳಲ್ಲಿ ತೋಟಾ ಇದ್ದದ್ದನ್ನು ನಾನಂತೂ ನೋಡಲಿಲ್ಲ. ಒಂದರಲ್ಲಿ ಸುಣ್ಣದ ಡಬ್ಬಿ, ಒಂದರಲ್ಲಿ ಅಡಿಕೆ ಹೋಳು, ಇನ್ನೊಂದರಲ್ಲಿ ಕಿವಿ ಕೆರೆದುಕೊಳ್ಳುವ ಹಿತ್ತಾಳೆ ಕಡ್ಡಿ, ಉಳಿದವುಗಳಲ್ಲಿ ಬೀಡಿ. ಮಾತಿನ ನಡುವೆ ಅವನ ಕೈ ಎದೆಯ ಕಡೆ ಹೋದರೆ ಪರವೂರಿನವರು ಬೆಚ್ಚಿ ಹಿಂದೆ ಸರಿಯುತ್ತಿದ್ದರು. ನಮ್ಮೂರಿನವರು ಅಡಿಕೆಗೆಂದು ಕೈ ಚಾಚುತ್ತಿದ್ದರು.

ಹಿರಿಯರನ್ನು ಏಕವಚನದಲ್ಲಿ ಬರೆಯಬಾರದೆಂದು ನನಗೆ ಗೊತ್ತಿದೆ. ಅವನು ನನ್ನ ಮಾವನ ದೊಡ್ಡಪ್ಪನ ಮಗ, ವಯಸ್ಸಿನಲ್ಲಿ ಮಾವನಿಗಿಂತ ಚಿಕ್ಕವನು. ಎದುರಿಗಿದ್ದಾಗ ತಲೆಯ ಮೇಲಿನ ಸೆರಗು ಜಾರಗೊಡದೆ, ಪ್ರತಿ ಮಾತಿಗೂ 'ರಿ' ಹಚ್ಚಿಯೇ ಮಾತಾಡಿದ್ದೇನೆ. ಅಷ್ಟು ಮರ್ಯಾದೆ ಸಾಕು.

ನನ್ನ ತವರು ಮುಂಡರಗಿ ಕಡೆ, ಆಗ ಬ್ರಿಟಿಷರ ಸೀಮೆ. ಮದುವೆಯಾಗಿ ಬಂದದ್ದು ಸರಹದ್ದಿನ ಈಚೆ, ನಿಜಾಮರ ರಾಜ್ಯದಲ್ಲಿ ಅಳವಂಡಿಗೆ ಹತ್ತಿರದ ಒಂದು ಹಳ್ಳಿಗೆ. ನಲವತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡ ಗದಗಿನಲ್ಲಿ ಅರಳೆ ಗಿರಣಿಯ ಕೆಲಸಕ್ಕಿದ್ದರು, ಹಬ್ಬಕ್ಕೋ ಸುಗ್ಗಿಗೋ ಬಂದು ಹೋಗುತ್ತಿದ್ದರು. ಮನೆಯಲ್ಲಿ ಮಾವ, ಅತ್ತೆ, ನಾನು. ಹಳ್ಳದ ದಂಡೆಗೆ ಹೊಲ. ದಂಡೆಯ ತುಂಬ ಜಾಲಿ ಪೊದೆ, ಪೊದೆಯ ತುಂಬ ಕಾಡುಹಂದಿ. ಶೇಂಗಾ ಬಲಿಯುವ ಹೊತ್ತಿಗೆ ಅವು ಮಂದೆಯಾಗಿ ಬಂದು, ಒಂದು ರಾತ್ರಿಯಲ್ಲಿ ಹೊಲವನ್ನು ಉತ್ತು ಹಾಕಿದ ಹಾಗೆ ಮಾಡಿ ಹೋಗುತ್ತಿದ್ದವು.

ಮಾವನ ಹತ್ತಿರ ಅವರಪ್ಪನ ಕಾಲದ ಒಂದು ಕೇಪಿನ ಬಂದೂಕಿತ್ತು. ಲೈಸನ್ಸು ಇರಲಿಲ್ಲ. ಊರಿನ ಹಲವು ಮನೆಗಳಲ್ಲಿ ಅಂಥ ಬಂದೂಕುಗಳಿದ್ದವು, ಯಾರದಕ್ಕೂ ಲೈಸನ್ಸು ಇರಲಿಲ್ಲ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಹಗೇವು ನಮ್ಮ ಅಂಗಳದಲ್ಲಿ ಎರಡಿದ್ದವು. ಬರಿದಾಗಿದ್ದ ಹಳೆಯ ಹಗೇವಿನಲ್ಲಿ ಮಾವ ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ಇಡುತ್ತಿದ್ದರು. ಶೇಂಗಾ ಕಾಲ ಬಂತೆಂದರೆ ಹೊರಗೆ ತೆಗೆದು, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಸಂಜೆ ರೊಟ್ಟಿ ಗಂಟಿನ ಜೊತೆ ಹೊಲಕ್ಕೆ ಒಯ್ಯುತ್ತಿದ್ದರು. ವರ್ಷಕ್ಕೆ ಒಂದೆರಡು ಸಲ ಗಾಳಿಗೆ ಹಾರಿಸಿದರೆ ಸಾಕು, ಹಂದಿಗಳು ಆ ಕಡೆ ಬರುತ್ತಿರಲಿಲ್ಲ. ಈ ವಿಷಯದಲ್ಲಿ ಮಾವ ಯಾರ ಮುಂದೆಯೂ ಬಾಯಿ ಬಿಟ್ಟವರಲ್ಲ.

ಬಾಯಿ ಬಿಡುವ ಕೆಲಸವನ್ನು ಚನ್ನಬಸಪ್ಪ ವಹಿಸಿಕೊಂಡಿದ್ದ. ಪೊಲೀಸ್ ಅಮೀನನ ಎಮ್ಮೆಗೆ ಎರಡು ವರ್ಷ ಹೊಟ್ಟು, ಕಣಿಕೆ ಸಾಗಿಸಿ ಒಂದು ಒಂಟಿ ನಳಿಗೆಯ ಬಂದೂಕಿಗೆ ಲೈಸನ್ಸು ಗಿಟ್ಟಿಸಿಕೊಂಡಿದ್ದ. ಅದು ಕೈಗೆ ಬಂದ ದಿನದಿಂದ ತಾನು ರೈತರ ಮುಂದಾಳು ಎಂದು ಅವನಿಗೇ ಅನ್ನಿಸಿತು. 'ರೈತರ ಬಂದೂಕಿನ ಸಭಾ' ಎಂದು ಒಂದು ಹೆಸರಿಟ್ಟ. ಅದಕ್ಕೆ ಅಧ್ಯಕ್ಷನೂ ಅವನೇ, ಭಾಷಣಕಾರನೂ ಅವನೇ. ಊಟ ಹಾಕಿದವರೆಲ್ಲ ಸದಸ್ಯರು. ಬಂಡಿ ಕಟ್ಟಿಸಿಕೊಂಡು ಯಲಬುರ್ಗಾ, ಕುಷ್ಟಗಿ, ಗಂಗಾವತಿ ಎಂದು ತಿರುಗುತ್ತಿದ್ದ. ಹೋದಲ್ಲೆಲ್ಲ ಒಂದೇ ಮಾತು.

"ಬಂದೂಕಿಲ್ಲದ ರೈತ ಅಂದ್ರ ಕೋಡು ಕೊಯ್ದ ಹೋರಿ ಇದ್ದಂಗ. ಸರಕಾರ ನಮಗ ಬಂದೂಕ ಕೊಡೂದು ಉಪಕಾರ ಅಲ್ಲ, ಅದು ನಮ್ಮ ಹಕ್ಕ ಐತಿ. ಮನಿಗೊಂದು ಬಂದೂಕ ಬರೂತನಾ ನಾ ಸುಮ್ನ ಕೂಡಾಂವ ಅಲ್ಲ."

ಮಾತು ಸುಳ್ಳಲ್ಲ ಎಂಬುದೇ ನನ್ನ ಸಂಕಟ. ಮನೆಗೊಂದು ಬಂದೂಕು ಬೇಕಾಗಿತ್ತು. ಹಂದಿ, ತೋಳ, ದಾರಿಗಳ್ಳರು ಎಲ್ಲ ಇದ್ದ ಸೀಮೆ ಅದು. ಇಂಥ ನ್ಯಾಯದ ಮಾತು ಇಂಥವನ ಬಾಯಿಗೆ ಬಿತ್ತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ತಿರುಗಾಟದಿಂದ ಬಂದು ನಮ್ಮ ಕಟ್ಟೆಗೆ ಕೂತರೆ ಅವನು ಹೇಳುತ್ತಿದ್ದದ್ದು ರೈತರ ಸುದ್ದಿಯನ್ನಲ್ಲ. ಗಂಗಾವತಿಯಲ್ಲಿ ಹೊಸ ಅಕ್ಕಿಯ ಅನ್ನ ಎಷ್ಟು ಬೆಳ್ಳಗಿತ್ತು, ಕುಷ್ಟಗಿಯವರ ಹೋಳಿಗೆಗೆ ತುಪ್ಪ ಎಷ್ಟು ಕಡಿಮೆ ಬಿತ್ತು, ಇದೇ ವರದಿ.

ಬಂದೂಕಿನ ಸಪ್ಪಳವೆಂದರೆ ಅವನಿಗೆ ಜೀವಭಯ. ನಮ್ಮ ಕಡೆ ಬೀಗರ ದಿಬ್ಬಣ ಊರ ಅಗಸಿ ಬಾಗಿಲಿಗೆ ಬಂದಾಗ ಗಾಳಿಗೆ ಒಂದು ಗುಂಡು ಹಾರಿಸುವ ರೂಢಿ. ಒಂದು ಮದುವೆಯಲ್ಲಿ ಲೈಸನ್ಸಿನ ಬಂದೂಕೇ ಹಾರಬೇಕೆಂದು ಹಟ ಹಿಡಿದು ಮುಂದೆ ಬಂದ. ಪಟ್ಟಿ ಸರಿ ಮಾಡಿಕೊಂಡ, ಮೀಸೆ ಒರೆಸಿಕೊಂಡ, ಆಮೇಲೆ ಬಂದೂಕನ್ನು ತಳವಾರ ಹನುಮನ ಕೈಗೆ ಕೊಟ್ಟು, "ನೀ ಹೊಡಿ, ನಾ ನೋಡ್ತೀನಿ" ಅಂದ. ಹನುಮ ಹಾರಿಸಿದಾಗ ಅಧ್ಯಕ್ಷರು ಎರಡೂ ಕಿವಿ ಮುಚ್ಚಿಕೊಂಡು ಬಾಜಾದವರ ಹಿಂದೆ ನಿಂತಿದ್ದರು. ಹೆಂಗಸರೆಲ್ಲ ನಕ್ಕೆವು. ಆಗಿನ್ನೂ ಅವನು ನಗುವ ವಸ್ತುವಾಗಿದ್ದ.

ಆ ವರ್ಷದ ಮಹಾನವಮಿಗೆ ಅವನಿಗೊಂದು ವಿಚಾರ ಹೊಳೆಯಿತು. ಖಂಡೇಪೂಜೆಯ ದಿನ ಪ್ರತಿ ಮನೆಯಲ್ಲೂ ಕುಡಗೋಲು, ಕೊಡಲಿ, ಕುಂಟೆ ಎಲ್ಲ ತೊಳೆದು ಪೂಜೆ ಮಾಡುತ್ತಾರೆ. ಈ ಸಲ ಊರಿನ ಬಂದೂಕುಗಳನ್ನೆಲ್ಲ ಚಾವಡಿಯಲ್ಲಿ ಒಟ್ಟಿಗೆ ಪೂಜೆಗೆ ಇಡಬೇಕು, ಅದನ್ನು ನೋಡಲು ಅಮೀನ ಸಾಹೇಬರನ್ನು ಕರೆಯಬೇಕು.

ಮಾವ ಒಪ್ಪಲಿಲ್ಲ. "ಹಗೇವಿನ್ಯಾಗ ಇದ್ದದ್ದು ಹಗೇವಿನ್ಯಾಗನ ಇರಲಿ ಬಿಡು, ಚನ್ನಬಸಪ್ಪ."

"ಕದ್ದು ಇಡೂದು ಕಳ್ಳರ ಕೆಲಸ, ಅಣ್ಣಾ. ನಾವೇನು ಕಳ್ಳರೇನು? ನಾವೆಷ್ಟು ಭಕ್ತಿಲೇ ಇಟ್ಕೊಂಡೀವಿ ಅನ್ನೂದನ್ನ ಸಾಹೇಬ್ರು ಕಣ್ಣಾರೆ ನೋಡಲಿ. ನೋಡಿದ್ರ ಎಲ್ಲಾರಿಗೂ ಲೈಸನ್ಸ ಬರತಾವ. ನೀನಽ ತರಲಿಲ್ಲಂದ್ರ ಊರಾಗ ನನ್ನ ಮಾರಿ ಏನಾಗಬೇಕು?"

ಹೀಗೆ ಹೇಳುತ್ತ ಅತ್ತೇಬಿಟ್ಟ. ಮಾವ ಮೆತ್ತಗಿನ ಮನುಷ್ಯ, ತಮ್ಮನ ಕಣ್ಣೀರಿಗೆ ಸೋತರು. ಅವರು ಒಪ್ಪಿದರೆಂದು ಉಳಿದವರೂ ಒಪ್ಪಿದರು.

ಚಾವಡಿಯಲ್ಲಿ ಕಂಬಳಿ ಹಾಸಿ ಬಂದೂಕುಗಳನ್ನು ಸಾಲಾಗಿ ಮಲಗಿಸಿದ್ದರು. ಪ್ರತಿಯೊಂದಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವಿನ ಮಾಲೆ. ನಡುವೆ ಎತ್ತರದ ಮಣೆಯ ಮೇಲೆ ಚನ್ನಬಸಪ್ಪನ ಬಂದೂಕು, ಅದರ ಮುಂದೆ ಗಾಜು ಹಾಕಿಸಿದ ಲೈಸನ್ಸು. ಮಂಗಳಾರತಿ ಮುಗಿದಿತ್ತು. ಅಳವಂಡಿ ದಾರಿಯಿಂದ ಹನುಮ ಓಡಿ ಬಂದ.

"ಅಮೀನ ಒಬ್ಬನ ಇಲ್ಲರಿ, ಮಂದಿ ಅದಾರ. ಹಿಂದ ಎರಡು ಖಾಲಿ ಬಂಡಿ ಬರಾಕತ್ತಾವ. ಎತ್ತಿ ಒಳಗ ಇಡ್ರಿ ಲಗೂನ."

ಹೊತ್ತಿತ್ತು. ಎದ್ದು ತಮ್ಮ ತಮ್ಮ ಬಂದೂಕು ಎತ್ತಿಕೊಂಡು ಹಿತ್ತಲ ದಾರಿ ಹಿಡಿಯಲು ಬೇಕಾದಷ್ಟು ಹೊತ್ತಿತ್ತು. ಮಾವ ಬಗ್ಗಿ ಕೈ ಚಾಚಿದರು. ಅತ್ತೆ ಅವರ ರಟ್ಟೆ ಹಿಡಿದರು.

"ಪೂಜಿ ಆಗೇತಿ. ನಾಳೆ ಬನ್ನಿ ಕೊಡೂತನಾ ಮುಟ್ಟಬಾರದು."

ಅದು ನಮ್ಮಲ್ಲಿ ಕಟ್ಟಳೆ. ಖಂಡೇಪೂಜೆಗೆ ಇಟ್ಟ ಆಯುಧವನ್ನು ಮರುದಿನ ಬನ್ನಿ ಹಂಚುವವರೆಗೆ ಅಲುಗಿಸುವಂತಿಲ್ಲ. ಆ ದಿನ ಈಳಿಗೆಯನ್ನೂ ಮುಟ್ಟುವುದಿಲ್ಲ, ಬದನೆಕಾಯಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟಿರುತ್ತೇವೆ. ಮಾವ ಕೈ ಹಿಂದೆ ತೆಗೆದುಕೊಂಡರು. ಯಾರೂ ಏನನ್ನೂ ಎತ್ತಲಿಲ್ಲ. ಬರುವ ಬಂಡಿಗಳನ್ನು ನೋಡುತ್ತ ಇಡೀ ಊರು ಕೈ ಕಟ್ಟಿ ನಿಂತಿತು. ಚನ್ನಬಸಪ್ಪ ಮಾತ್ರ ಮಾಲೆ ಹಿಡಿದು ಮುಂದೆ ಹೋದ. "ಬರ್ರಿ ಸಾಹೇಬ್ರ, ಭಾಳ ಛಲೋ ಆತು" ಅಂದ.

ಅಮೀನ ಬೂಟು ಬಿಚ್ಚಿಟ್ಟು ಒಳಗೆ ಬಂದ. ಕೈ ಮುಗಿದ. ಕೊಟ್ಟ ಪ್ರಸಾದವನ್ನು ಕಣ್ಣಿಗೆ ಒತ್ತಿಕೊಂಡು ತಿಂದ. ಆಮೇಲೆ ಮಾಲೆ ಸಮೇತ ಒಂದೊಂದನ್ನೇ ಎತ್ತಿಸಿ ಬಂಡಿಗೆ ಹಾಕಿಸಿದ. ಅವನಿಗೆ ಕಟ್ಟಳೆ ಇರಲಿಲ್ಲ. ಮಣೆಯ ಮೇಲಿನ ಬಂದೂಕಿಗೆ ಲೈಸನ್ಸು ಇತ್ತು, ಅದನ್ನು ಬಿಟ್ಟ. ಹೋಗುವಾಗ ಚನ್ನಬಸಪ್ಪನ ಬೆನ್ನು ತಟ್ಟಿ, "ಬಂದೋಬಸ್ತ್ ಭಾಳ ಛಲೋ ಮಾಡಿದಿ" ಅಂದ. ಈ ಮನುಷ್ಯನಿಗೆ ಅದು ಹೊಗಳಿಕೆಯಾಗಿ ಕೇಳಿತು. ಬಂಡಿಗಳು ಊರು ದಾಟುವ ಮೊದಲೇ ಚಾವಡಿಯ ಮೆಟ್ಟಿಲ ಮೇಲೆ ನಿಂತು, "ಇನ್ನ ನಮ್ಮ ಅರ್ಜಿಗೆ ತೂಕ ಬಂತು ನೋಡ್ರಿ" ಎಂದು ಭಾಷಣ ಶುರು ಮಾಡಿದ. ಅವನು ಮೋಸ ಮಾಡಿದ್ದರೆ ನಾನು ಇಷ್ಟು ಹಗುರಾಗಿ ಕಾಣುತ್ತಿರಲಿಲ್ಲ. ಮೋಸಕ್ಕೂ ಸ್ವಲ್ಪ ಬುದ್ಧಿ ಬೇಕು.

ಹಬ್ಬ ಮುಗಿದ ವಾರದಲ್ಲೇ ಶೇಂಗಾಕ್ಕೆ ಹಂದಿ ಬಿದ್ದವು. ಮಾವ ಬಡಿಗೆ ಹಿಡಿದು ಹೊಲ ಕಾಯಲು ಹೋಗತೊಡಗಿದರು. ಅವರು ತಮ್ಮನ ಹತ್ತಿರ ಬಂದೂಕು ಕೇಳುವವರಲ್ಲ. ಒಂದು ಮಧ್ಯಾಹ್ನ ಅತ್ತೆಗೆ ಹೇಳಿ ನಾನೇ ಹೋದೆ. ಕಾಕಾ ಊಟ ಮುಗಿಸಿ ಪಡಸಾಲೆಯಲ್ಲಿ ಕಾಲು ಚಾಚಿಕೊಂಡಿದ್ದ. ತಲೆಯ ಮೇಲೆ ಗೂಟಕ್ಕೆ ಬಂದೂಕು ತೂಗುತ್ತಿತ್ತು.

"ಕಾಕಾರ, ಶೇಂಗಾ ಕೀಳೂತನಾ ಬಂದೂಕ ಕೊಡ್ರಿ. ಮಾವ ಒಬ್ಬರ ಹೊಲದಾಗ ಇರತಾರ, ನಮಗ ಅಂಜಿಕಿ ಆಗತೈತ್ರಿ."

"ಲೈಸನ್ಸ ಯಾರ ಹೆಸರೀಲೆ ಐತೋ ಅವರ ಕೈಯಾಗನ ಇರಬೇಕವಾ. ಅದು ಕಾಯ್ದೆ. ನಾನಽ ಕಾಯ್ದೆ ಮುರದ್ರ ನಾಳೆ ನಿಮಗೆಲ್ಲಾ ಹಕ್ಕ ಕೊಡಸಾವ್ರು ಯಾರು?"

"ಹಂಗಾರ ನೀವಽ ಬರ್ರಿ. ಒಂದು ಸಲ ಹಾರಿಸಿ ಬಂದ್ರ ಸಾಕು."

ಎದೆಯ ಪಟ್ಟಿಯಿಂದ ಅಡಿಕೆ ಹೋಳು ತೆಗೆದು ಬಾಯಿಗೆ ಹಾಕಿಕೊಂಡ. "ಥಂಡಿ ಭಾಳ ಐತಿ, ನನಗ ನೆಗಡಿ ಆಗೇತಿ. ಒಂದು ಹೊಲದ ಹಂದಿ ಹೊಡದ್ರ ಏನ್ ಬಂತು, ನಾ ಇಡೀ ನಾಡಿನ ರೈತರ ಸಲುವಾಗಿ ವಿಚಾರ ಮಾಡಾಕತ್ತೀನಿ" ಅಂದ.

ಎರಡು ದಿನ ಬಿಟ್ಟು ಬೆಳಿಗ್ಗೆ ಮಾವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಹಂದಿ ತೊಡೆಯನ್ನು ಸೀಳಿತ್ತು. ಕೈಯಲ್ಲಿ ಮುರಿದ ಬಡಿಗೆಯ ತುಂಡು ಇನ್ನೂ ಹಾಗೇ ಇತ್ತು. ಔಷಧ ಹಚ್ಚಿದೆವು, ಕೊಪ್ಪಳಕ್ಕೆ ಒಯ್ದು ಡಾಕ್ಟರಿಗೆ ತೋರಿಸಿದೆವು. ಗಾಯ ನಂಜೇರಿತು. ಹಿಂಗಾರಿ ಜೋಳ ತೆನೆ ಹಾಯುವ ಮೊದಲೇ ಮಾವ ಹೋದರು. ಕೊನೆಕೊನೆಗೆ ಜ್ವರದಲ್ಲಿ, "ಹಗೇವಿನ ಬಾಯಿ ಮುಚ್ಚಿರೇನು" ಎಂದು ಕೇಳುತ್ತಿದ್ದರು. ಮುಚ್ಚಿದೀವ್ರಿ ಅನ್ನುತ್ತಿದ್ದೆ.

ಮಣ್ಣು ಕೊಡುವ ಹೊತ್ತಿಗೆ ಚನ್ನಬಸಪ್ಪ ಬಂದೂಕು ಹೊತ್ತು ಬಂದ. ರೈತರ ಹಕ್ಕಿಗಾಗಿ ಜೀವ ಕೊಟ್ಟ ಅಣ್ಣನಿಗೆ ಸಭೆಯ ಪರವಾಗಿ ಒಂದು ಗುಂಡಿನ ಗೌರವ ಸಲ್ಲಿಸುತ್ತಾನಂತೆ. ನೆಗಡಿ ವಾಸಿಯಾಗಿತ್ತೆಂದು ಕಾಣುತ್ತದೆ. ಎಂದಿನಂತೆ ಬಂದೂಕನ್ನು ಹನುಮನ ಕೈಗೆ ಕೊಟ್ಟ. ತೋಟಾ ಹಾಕಲು ಹನುಮ ಅದನ್ನು ನಡುವೆ ಮಡಚಿ, ನಳಿಗೆಗೆ ಕಣ್ಣಿಟ್ಟು ನೋಡಿದ. ಬೆಳಕು ಕಾಣಲಿಲ್ಲ. ಜಾಲಿ ಕಡ್ಡಿ ಹಾಕಿ ತಿವಿದ. ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು ಹೆಂಟೆ ಹೆಂಟೆಯಾಗಿ ಉದುರಿತು, ಜೊತೆಗೆ ಒಣಗಿದ ಹುಳಗಳು. ಆ ಮದುವೆಯಾದ ಮೇಲೆ, ಪೂಜೆಗೆ ಇಟ್ಟಾಗಲೂ, ಅದರ ನಳಿಗೆಯನ್ನು ಒರೆಸಿದವರೇ ಇರಲಿಲ್ಲ. ನಾನು ಸೆರಗೊಡ್ಡಿ ಬೇಡಿದ್ದು ಇದನ್ನೇ.

"ಇನ್ನೊಂದೀಟು ತಿವಿ, ಹಾರತೈತಿ" ಎಂದು ಅವನು ಹನುಮನಿಗೆ ಹೇಳುತ್ತಿದ್ದ.

ಅತ್ತೆ ತಲೆ ಎತ್ತಿದರು. "ಹಂದಿ ಬಂದಾಗ ಆಗಲಾರದ ಸಪ್ಪಳ ಈಗ ಬ್ಯಾಡ. ತಗೊಂಡು ಹೋಗು."

ಅದಾದ ಮೇಲೆ ಸಭೆಯ ತಿರುಗಾಟ ನಿಂತಿತೆಂದು ತಿಳಿಯಬೇಡಿ. ಬೇರೆ ಊರುಗಳಲ್ಲಿ ಅವನು ಮಾವನ ಕಥೆಯನ್ನೂ ಸೇರಿಸಿ ಹೇಳುತ್ತಿದ್ದನಂತೆ. ಊಟ ಇನ್ನೂ ಚೆನ್ನಾಗಿ ಸಿಕ್ಕಿರಬೇಕು.

ಆಮೇಲೆ ಗದ್ದಲದ ವರ್ಷ ಬಂತು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಸೀಮೆಗೆ ಬಂದಿರಲಿಲ್ಲ. ಲೂಟಿಯವರು ಹಳ್ಳಿಯಿಂದ ಹಳ್ಳಿಗೆ ನುಗ್ಗುತ್ತಿದ್ದರು. ಬಂದೂಕಿರುವ ಮನೆಯನ್ನೇ ಮೊದಲು ಹುಡುಕಿ ಹೊಡೆಯುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ನನ್ನ ಗಂಡ ಅಷ್ಟರಲ್ಲಿ ಗಿರಣಿ ಬಿಟ್ಟು ಊರಿಗೆ ಬಂದಿದ್ದರು. ಅವರೂ ಊರಿನ ಗಂಡಸರೂ ಕವಣೆ, ಕೊಡಲಿ ಹಿಡಿದು ಪಾಳಿಯ ಮೇಲೆ ಅಗಸಿ ಕಾಯುತ್ತಿದ್ದರು. ಒಂದು ಮುಂಜಾನೆ ಚನ್ನಬಸಪ್ಪ ಸಾಮಾನು ಹೇರಿದ ಬಂಡಿಯನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿದ. ಸರಹದ್ದು ದಾಟಿ ಮುಂಡರಗಿಗೆ ಹೊರಟಿದ್ದ. ಕೌದಿಯಲ್ಲಿ ಸುತ್ತಿದ ಉದ್ದನೆಯ ಗಂಟನ್ನು ಅವುಚಿಕೊಂಡು ಒಳಗೆ ಬಂದ.

"ವೈನಿ, ಇದನ್ನ ನಿಮ್ಮ ಹಳೇ ಹಗೇವಿನ್ಯಾಗ ಇಟ್ಟುಬಿಡ್ರಿ. ದಾರ್ಯಾಗ ಯಾರರೆ ನೋಡಿದ್ರ ನನ್ನ ಉಳಸೂದಿಲ್ಲ."

ಅತ್ತೆ ನನ್ನ ಮುಖ ನೋಡಿದರು. ಮಾವನನ್ನು ಕಳೆದುಕೊಂಡ ಮನೆಗೆ ಮತ್ತೆ ಸಾವನ್ನು ಹೊತ್ತು ತಂದಿದ್ದೇನೆ ಎಂಬ ಪರಿವೆಯೂ ಅವನಿಗಿರಲಿಲ್ಲ.

"ಕದ್ದು ಇಡೂದು ಕಳ್ಳರ ಕೆಲಸ ಅಂದಿದ್ರೆಲ್ಲರಿ, ಕಾಕಾರ" ಅಂದೆ.

"ಅದು ಆವಾಗಿನ ಮಾತವಾ."

"ಅಗಸ್ಯಾಗ ಗಂಡಸ್ರು ಕವಣಿ ಹಿಡಕೊಂಡು ನಿಂತಾರ. ಅವ್ರಿಗೆ ಕೊಡ್ರಿ."

"ಲೈಸನ್ಸ ನನ್ನ ಹೆಸರೀಲೆ ಐತಿ" ಅಂದ. ನನ್ನಾಣೆಗೂ ಹಾಗೇ ಅಂದ.

ಆಗ ಅತ್ತೆ ಬಾಯಿ ತೆರೆದರು. "ಹಂಗಾರ ನಿನ್ನ ಹಕ್ಕ ನೀನಽ ಹೊತ್ಕೊಂಡು ಹೋಗಪಾ."

ಹೊರಗೆ ಬಂದು ಪಟ್ಟಿಯನ್ನಾದರೂ ಕಳಚಬೇಕೆಂದುಕೊಂಡ. ಕಟ್ಟೆಯ ಮೇಲೆ ಕೂತು ಸುಣ್ಣದ ಡಬ್ಬಿ, ಕಿವಿಕಡ್ಡಿ, ಬೀಡಿ ಎಲ್ಲವನ್ನೂ ಗೂಡುಗಳಿಂದ ತೆಗೆದು ಜೇಬಿಗೆ ತುಂಬಿಕೊಂಡ, ಖಾಲಿ ಪಟ್ಟಿಯನ್ನು ಅಲ್ಲೇ ಬಿಟ್ಟು ಬಂಡಿ ಹತ್ತಿದ. ನಾನು ಅವನನ್ನು ನೋಡಿದ್ದು ಅದೇ ಕೊನೆ. ಹಳ್ಳ ದಾಟುವಾಗ ಕೌದಿಯ ಗಂಟನ್ನು ಮಡುವಿಗೆ ಎಸೆದದ್ದನ್ನು ಹನುಮ ಕಂಡನಂತೆ. ಇಳಿದು ತೆಗೆಯಲು ಯಾರೂ ಹೋಗಲಿಲ್ಲ. ಗದ್ದಲ ಅಡಗಿದ ಮೇಲೆ ಓಡಿಹೋದವರೆಲ್ಲ ತಿರುಗಿ ಬಂದರು, ಅವನು ಬರಲಿಲ್ಲ. ಗದಗಿನ ಕಡೆ ಯಾರದೋ ಮನೆಯಲ್ಲಿ ಉಂಡುಕೊಂಡಿದ್ದು, ಅಲ್ಲೇ ತೀರಿಕೊಂಡನೆಂದು ಕೇಳಿದೆ.

ಆ ಪಟ್ಟಿಯನ್ನು ಅತ್ತೆ ಎಸೆಯಲಿಲ್ಲ. ಮುಂದಿನ ಶೇಂಗಾ ಹೊತ್ತಿಗೆ ಹೊಲದಲ್ಲಿ ಹುಲ್ಲಿನ ಬೆದರುಗೊಂಬೆ ನಿಲ್ಲಿಸಿ, ಮಾವನ ಹಳೆಯ ಅಂಗಿ ತೊಡಿಸುವ ಮನಸ್ಸಾಗದೆ, ಇದನ್ನೇ ಅದರ ಎದೆಗೆ ಹಾಕಿದರು. ಹಂದಿಗಳು ಅದಕ್ಕೇನೂ ಹೆದರಲಿಲ್ಲ. ಆದರೆ ಆ ಗೊಂಬೆ ಸುಗ್ಗಿ ಮುಗಿಯುವವರೆಗೆ ಹೊಲ ಬಿಟ್ಟು ಹೋಗಲಿಲ್ಲ.